ಗಿಡ್ಡ ಕಟ್ಟಿದ ಹಗ್ಗ

ಹೊಳೆ ನಮಗೆ ಏನೂ ಮಾಡಲಿಲ್ಲ. ಗಾಳಿಯೂ ಮಾಡಲಿಲ್ಲ, ದೆವ್ವವೂ ಮಾಡಲಿಲ್ಲ. ನಮ್ಮ ಮನೆಯವರು ಹಗ್ಗ ಗಿಡ್ಡ ಕಟ್ಟಿದರು. ನಡೆದದ್ದು ಇಷ್ಟೇ.

ಇದನ್ನು ಮೊದಲೇ ಹೇಳಿಬಿಡಬೇಕು, ಯಾಕೆಂದರೆ ಸವಣೂರಿನಲ್ಲಿರುವ ಮಗಳು ಬೇರೆಯೇ ಹೇಳುತ್ತಾಳೆ. ಅವಳ ಬಾಯಲ್ಲಿ ಕೇಳಿದರೆ ವರದಾ ನದಿ ನಮ್ಮನ್ನು ನುಂಗಲು ಬಾಯಿ ತೆರೆದಿತ್ತು, ದೇವರು ದೊಡ್ಡವನು, ಹೇಗೋ ಉಳಿದೆವು. ನಮ್ಮ ಮನೆಯವರ ಬಾಯಲ್ಲಿ ಕೇಳಿದರೆ ಹಗ್ಗದ ಮಾತೇ ಬರುವುದಿಲ್ಲ. ದಂಡೆ ಕುಸಿಯಿತು ಅನ್ನುತ್ತಾರೆ. ದಂಡೆ ಕುಸಿದಿಲ್ಲ. ಈಗಲೂ ಅಲ್ಲೇ ಇದೆ, ಯಾರು ಬೇಕಾದರೂ ಹೋಗಿ ನೋಡಬಹುದು.

ನಮ್ಮದು ಅಂಬಿಗರ ಮನೆ. ಹಾನಗಲ್ಲ ತಾಲೂಕಿನಲ್ಲಿ, ವರದೆಯ ದಂಡೆಗೇ ಊರು. ನಮ್ಮ ಮನೆಯವರು ಹರಿಗೋಲು ಹಾಕುತ್ತಿದ್ದರು. ಆಚೆ ದಂಡೆಯ ಹೊಲಕ್ಕೆ, ಸಂತೆಗೆ, ಮದುವೆಗೆ ಹೋಗುವವರನ್ನೆಲ್ಲ ದಾಟಿಸುವುದು ಅವರ ಕೆಲಸ. ಸೇತುವೆ ಆಯಿತು. ಹರಿಗೋಲು ಅಂಗಳದಲ್ಲಿ ಬೋರಲು ಬಿತ್ತು, ಕೋಳಿಗಳು ಅದರ ಕೆಳಗೆ ತತ್ತಿ ಇಟ್ಟವು. ಅದಕ್ಕಾಗಿ ನಾವು ಅಳಲಿಲ್ಲ. ಸೇತುವೆ ಒಳ್ಳೆಯದೇ. ಬಸುರಿಯರು ಹೊಳೆ ಇಳಿಯಲೆಂದು ದಂಡೆಯ ಮೇಲೆ ನರಳುತ್ತ ಕೂಡುವುದು ತಪ್ಪಿತು. ನಮ್ಮ ಮನೆಯವರು ಮೀನು ಹಿಡಿಯತೊಡಗಿದರು, ನಾನು ಬುಟ್ಟಿ ಹೊತ್ತು ಮಾರಿದೆ. ಅವರು ನಿಂತು ಬಲೆ ಬೀಸುವಾಗ ಕೂತು ಹುಟ್ಟು ಹಾಕುವವಳೂ ನಾನೇ. ನಾನು ಕಲಿತದ್ದು ಮೂರನೇ ಇಯತ್ತೆ. ಹುಟ್ಟು ಹಾಕಲು ಅಷ್ಟು ಸಾಕು.

ಮಳೆಗಾಲದಲ್ಲಿ ನಮ್ಮ ಮನೆಯ ಹಿಂದಿನ ಗೋಡೆ ನೆನೆದು ನೆನೆದು ಒಂದು ದಿನ ಕೂತುಬಿಟ್ಟಿತು. ಹಂಸಭಾವಿಯ ಕಡೆ ಇರುವ ಮಗ ಕಟ್ಟಿಸಿಕೊಡುತ್ತೇನೆ ಎಂದ. ಕಟ್ಟಿಸುತ್ತಲೂ ಇದ್ದಾನೆ, ಅವನಿಗೆ ಬಿಡುವಾದಾಗ. ಅಲ್ಲಿಯವರೆಗೆ ನಾವು ಅವನ ಮನೆಯಲ್ಲಿ ಕೆಲವು ದಿನ, ಸವಣೂರಿನ ಮಗಳ ಮನೆಯಲ್ಲಿ ಕೆಲವು ದಿನ. ಎರಡೂ ಮನೆಯಲ್ಲಿ ಊಟಕ್ಕೆ ಕಡಿಮೆ ಇರಲಿಲ್ಲ. ಕೆಲಸ ಮಾತ್ರ ಕೊಡುತ್ತಿರಲಿಲ್ಲ. ಕಸಬರಿಗೆ ಹಿಡಿದರೆ ಕಸಿದುಕೊಳ್ಳುವರು. ಒಲೆಯ ಹತ್ತಿರ ಹೋದರೆ, "ಯವ್ವಾ, ನೀ ಕುಂದ್ರಬೇ." ಹೊರಗೆ ಹೋದರೆ, "ಬಿಸಲಾಗ ಎಲ್ಲಿ ಹೊಂಟಿ, ಒಳಗ ಕುಂದ್ರಬೇ." ಟಿವಿಯ ಮುಂದೆ ಕೂಡಿಸುವರು. ಕೂತು ಕೂತು ನನ್ನ ಕಾಲು ತಾನೇ ಅಲ್ಲಾಡತೊಡಗಿತು. ಮಲಗಿದರೂ ಅಲ್ಲಾಡುತ್ತಿತ್ತು. ಮಗಳು ಡಾಕ್ಟರ ಹತ್ತಿರ ಕರೆದೊಯ್ದಳು, ಅವರು ಗುಳಿಗೆ ಕೊಟ್ಟರು. ಗುಳಿಗೆ ನುಂಗಿದೆ, ಕಾಲು ಅಲ್ಲಾಡಿತು.

ಒಂದು ದಿನ ನಮ್ಮ ಮನೆಯವರು ಬಂಕಾಪುರದಿಂದ ನೀಲಿ ಬಣ್ಣದ ಪ್ಲಾಸ್ಟಿಕ್ ಡ್ರಮ್ಮುಗಳನ್ನು ಗಾಡಿಯಲ್ಲಿ ಹಾಕಿಕೊಂಡು ಬಂದರು. ಊರಿನ ದಂಡೆಯಲ್ಲಿ ಅವನ್ನು ಸಾಲಾಗಿ ಮಲಗಿಸಿ, ಮೇಲೆ ಬಿದಿರು ಬಿಗಿದು, ಹಲಗೆ ಹಾಸಿ, ಬಿದ್ದ ಮನೆಯ ತಗಡು ತಂದು ಒಂದು ಗೂಡು ಕಟ್ಟಿದರು. ಒಬ್ಬರು ನಿಲ್ಲಬಹುದು, ಇಬ್ಬರು ಮಲಗಬಹುದು, ಅಷ್ಟು. ಅವರು ಅದನ್ನು ದೋಣಿ ಅನ್ನುತ್ತಿದ್ದರು. ದೋಣಿಗೆ ಒಂದು ಮೂತಿಯಾದರೂ ಇರಬೇಕು. ಅದು ತೆಪ್ಪ. ಆದರೆ ತೇಲುತ್ತಿತ್ತು.

"ಗ್ವಾಡಿ ಏಳೂತನಾ ಇದರಾಗ ಇರೂಣು" ಎಂದರು. "ನನಗ ನೀರು ಬಿಟ್ಟ ಇರಾಕ ಆಗೂದಿಲ್ಲ."

ನಾನು ಒಲ್ಲೆ ಅನ್ನಲಿಲ್ಲ. ಆ ದಿನವೇ ಹಾಸಿಗೆ, ರೊಟ್ಟಿಯ ಹಂಚು, ಗ್ಯಾಸಿನ ಸಣ್ಣ ಒಲೆ, ಹಿಟ್ಟಿನ ಡಬ್ಬಿ ಒಯ್ದಿಟ್ಟೆ.

ಸುದ್ದಿ ತಿಳಿದು ಮಗಳು ಓಡಿ ಬಂದಳು. ದಂಡೆಯ ಮೇಲೆ ನಿಂತು ಅತ್ತಳು, ಬೈದಳು, ಮತ್ತೆ ಅತ್ತಳು. ಕೊನೆಗೆ ಅಪ್ಪನ ಮುಂದೆ ಅಂಗೈ ಚಾಚಿದಳು. "ಮಾತ ಕೊಡಪಾ. ಒಂದ ಸಲ ಏನರ ಎಡವಟ್ಟಾತಂದ್ರ ಇಬ್ರೂ ಬಂದ ನಮ್ಮ ಮನ್ಯಾಗ ಕೂಡ್ತೀರಿ. ಆಮ್ಯಾಲೆ ಹೊಳಿ ಹೆಸರ ಎತ್ತಬಾರದು. ಗ್ವಾಡಿ ಎದ್ರೂ ಅಷ್ಟ, ಬಿದ್ರೂ ಅಷ್ಟ."

ಅವರು ಅವಳ ಅಂಗೈ ಮೇಲೆ ಕೈ ಇಟ್ಟು ಮಾತು ಕೊಟ್ಟರು. ನಾನು ಉಳ್ಳಾಗಡ್ಡಿ ಹೆಚ್ಚುತ್ತಿದ್ದೆ. ನನ್ನನ್ನು ಯಾರೂ ಕೇಳಲಿಲ್ಲ.

ಹೀಗೆ ದಸರಾ ಮುಗಿದ ಮೇಲೆ ನಾವು ನೀರಿನ ಮನೆ ಹೊಕ್ಕೆವು. ಹೊಳೆಗೆ ಅಲ್ಲಲ್ಲಿ ಬಾಂದಾರ ಕಟ್ಟಿದ್ದಾರೆ. ಸೇತುವೆಯ ಹಾಗೆಯೇ ಕಂಬಗಳು, ಕಂಬಗಳ ನಡುವೆ ಗೇಟು. ಮಳೆಗಾಲದಲ್ಲಿ ಗೇಟು ತೆಗೆದಿರುತ್ತಾರೆ, ನೀರು ಹರಿದುಹೋಗುತ್ತದೆ. ಮಳೆ ನಿಂತ ಮೇಲೆ ಗೇಟು ಹಾಕುತ್ತಾರೆ, ಹಿಂದೆ ಹರಿದಾರಿಗಟ್ಟಲೆ ನೀರು ಕೆರೆಯ ಹಾಗೆ ನಿಲ್ಲುತ್ತದೆ. ಹೊಲಗಳ ಪಂಪುಗಳು ಅದನ್ನು ಕುಡಿಯುತ್ತ ಹೋಗುತ್ತವೆ. ಗೇಟು ಹಾಕುವ ಮೊದಲೇ ನಾವು ಕೆಳಗೆ ಸಾಗಿದೆವು. ಬಾಂದಾರ ಬಂದಾಗ ಗೂಡಿನ ತಗಡು ಬಿಚ್ಚಿ ಮಲಗಿಸಿ, ಕಂಬಗಳ ಸಂದಿಯಲ್ಲಿ ತೂರಿಸಿಕೊಂಡು, ಆಚೆ ಹೋಗಿ ಮತ್ತೆ ಕಟ್ಟುವುದು. ಮೇಲೆ ಸೇತುವೆಯ ಮೇಲಿಂದ ಮಂದಿ ಬಗ್ಗಿ ನೋಡುತ್ತಿದ್ದರು. "ಅಜ್ಜಾರ, ಎಲ್ಲಿಗೆ ಹೊಂಟೈತಿ ಮನಿ?" ಎಂದು ಒಬ್ಬ ಕೇಳಿದ. "ನಿಮ್ಮ ಅತ್ತಿ ಮನಿಗೆ" ಎಂದರು ಇವರು. ಆಗ ಹುರುಪು ಇತ್ತು.

ಧರ್ಮಾ ಹೊಳೆ ಬಂದು ಕೂಡುವ ಜಾಗ ದಾಟಿದೆವು. ಅಷ್ಟು ವರ್ಷ ಅದೇ ಹೊಳೆಯ ಮೀನು ಮಾರಿದವಳು, ಆ ಜಾಗ ನೋಡಿರಲಿಲ್ಲ. ಏನಿದೆ ಅಲ್ಲಿ? ಒಂದು ಕೆಂಪು ನೀರು, ಒಂದು ಕಪ್ಪು ನೀರು, ನಡುವೆ ಜೊಂಡು. ಒಂದಿಷ್ಟು ಹೊತ್ತು ನೋಡಿದೆ. ಆಮೇಲೆ ಮುಂದಿನ ತಿರುವಿನಲ್ಲಿ ಏನಿದೆ ಅನಿಸಿತು. ಹೊಳೆಯ ಕಾಟವೇ ಅದು. ರಸ್ತೆಯಲ್ಲಿ ಮುಂದಿನದು ದೂರದಿಂದಲೇ ಕಾಣುತ್ತದೆ. ಹೊಳೆಯಲ್ಲಿ ತಿರುವು ದಾಟದ ಹೊರತು ಕಾಣುವುದಿಲ್ಲ. ದಾಟಿದರೆ ಇನ್ನೊಂದು ತಿರುವು.

ಸವಣೂರ ಸೀಮೆಗೆ ಬಂದಾಗ ಗೇಟು ಹಾಕಿದ್ದರು, ನೀರು ನಿಂತಿತ್ತು. ಹಿಂದಕ್ಕೂ ಹೋಗುವಂತಿಲ್ಲ, ಮುಂದಕ್ಕೂ ಹೋಗುವಂತಿಲ್ಲ. ಎರಡು ಬಾಂದಾರಗಳ ನಡುವಿನ ಆ ಉದ್ದನೆಯ ನೀರೇ ನಮ್ಮ ಪಾಲಿನದು. ಅಲ್ಲಿ ದಂಡೆಯ ಮೇಲೆ ಒಂದು ಎಲೆಬಳ್ಳಿ ತೋಟ. ಗಂಡ ಹೆಂಡತಿ ಇಬ್ಬರೇ ಮಾಡಿಕೊಂಡಿದ್ದರು, ಮುಸಲ್ಮಾನರು. ಅವರ ಪಂಪಿನ ಮನೆಯಲ್ಲಿ ನಮ್ಮ ಮೊಬೈಲು ಚಾರ್ಜಿಗೆ ಇಡುತ್ತಿದ್ದೆವು, ಅವರ ಬೋರಿನಿಂದ ಕುಡಿಯುವ ನೀರು. ನಾವು ಮೀನು ಕೊಡುತ್ತಿದ್ದೆವು. ಆಕೆ ನನ್ನನ್ನು ಆಯಿ ಅನ್ನುತ್ತಿದ್ದಳು.

ತೆಪ್ಪದ ಬಾಳು ಹೇಗಿತ್ತು ಎಂದು ಈಗ ಎಲ್ಲರೂ ಕೇಳುತ್ತಾರೆ. ಮಜಾ ಇತ್ತೇ ಎನ್ನುತ್ತಾರೆ. ಸೊಳ್ಳೆ ಇತ್ತು. ಹಾಸಿಗೆ ಯಾವಾಗಲೂ ಹಸಿ. ನಾನು ರೊಟ್ಟಿ ಬಡಿಯುವಾಗ ತೆಪ್ಪವೆಲ್ಲ ಅದರುತ್ತಿತ್ತು. ಅಂಚಿಗೆ ಗಾಳ ಬಿಟ್ಟುಕೊಂಡು ಕೂತ ಇವರು ತಿರುಗಿ ನೋಡುತ್ತಿದ್ದರು.

"ಮೆಲ್ಲಕ ಬಡಿ. ಮೀನು ಓಡ್ತಾವು."

"ಮೆಲ್ಲಕ ಬಡದ್ರ ರೊಟ್ಟಿ ದಪ್ಪ ಆಕ್ಕಾವು. ಆಮ್ಯಾಲೆ ಹಲ್ಲಿಲ್ಲ ಅಂತೀರಿ."

"ಮೀನಿಲ್ಲದ ರೊಟ್ಟಿ ಏನ ತಿಂತಿ?"

"ಚಟ್ನಿ ಐತಿ."

ಹೀಗೇ ನಡೆಯುತ್ತಿತ್ತು. ದಿನಾ ನಾನು ಜಾಗ ಬದಲಿಸೋಣ ಅನ್ನುವುದು, ಅವರು ನಾಳೆ ಅನ್ನುವುದು. ಅವರಿಗೆ ತೋಟದ ಕೆಳಗಿನ ಹುಣಸೆಗಿಡದ ನೆರಳು ಹಿಡಿಸಿತ್ತು. ಅಲ್ಲಿಯೇ ಕಟ್ಟಿ, ಗೂಡಿನ ಮುಂದೆ ಕೂತು ತೂಕಡಿಸುವರು. ಹಗಲೆಲ್ಲ ತೂಕಡಿಸುತ್ತಿದ್ದರು. ವಯಸ್ಸಾಯಿತಲ್ಲ ಅಂದುಕೊಂಡೆ. ಅವರು ತೂಕಡಿಸುವಾಗ ನಾನು ತೋಟದವರ ಸಣ್ಣ ಹರಿಗೋಲು ತೆಗೆದುಕೊಂಡು ಹೊರಡುತ್ತಿದ್ದೆ. ಮೇಲಿನ ತಿರುವಿನವರೆಗೆ, ಅದರ ಮುಂದಿನವರೆಗೆ. ಎಲ್ಲಿ ಬಂಡೆ ಇದೆ, ಎಲ್ಲಿ ಉಸುಕು ತೆಗೆದು ಗುಂಡಿ ಮಾಡಿದ್ದಾರೆ, ಎಲ್ಲಿ ನೀರುನಾಯಿಗಳು ಮೀನಿನ ತಲೆ ಬಿಟ್ಟು ಹೋಗುತ್ತವೆ, ಎಲ್ಲ ಗೊತ್ತಾಯಿತು. ಒಂದು ಕಡೆ ದಂಡೆ ಕಡಿದಾಗಿ ಇಳಿದು ಆಳವಾದ ಮಡು ಇತ್ತು. ಬಿದಿರಿನ ಗಳ ಪೂರ್ತಿ ಇಳಿಸಿದರೂ ತಳ ಸಿಗಲಿಲ್ಲ. ಅಲ್ಲಿ ಯಾರೂ ಬರುತ್ತಿರಲಿಲ್ಲ. ಹುಟ್ಟು ಎತ್ತಿದರೆ ಅದರಿಂದ ತೊಟ್ಟಿಕ್ಕುವ ನೀರಿನ ಸಪ್ಪಳ ಕೇಳುತ್ತಿತ್ತು. ಆ ಸುಮ್ಮನಿರುವಿಕೆಯಲ್ಲೂ ನನಗೆ ಸುಮ್ಮನೆ ಕೂಡಲು ಆಗುತ್ತಿರಲಿಲ್ಲ. ಸುತ್ತಿ ಸುತ್ತಿ ಬರುತ್ತಿದ್ದೆ. ಆದರೆ ಒಂದು ಮಾತು, ತೆಪ್ಪಕ್ಕೆ ಬಂದಾಗಿನಿಂದ ರಾತ್ರಿ ನನ್ನ ಕಾಲು ಅಲ್ಲಾಡಲಿಲ್ಲ.

ಬಿಸಿಲು ಏರತೊಡಗಿತು. ಒಂದು ಮುಂಜಾನೆ ತೋಟದವನು ದಂಡೆಯ ಮೇಲೆ ಬಂದು ನಿಂತ.

"ಅಜ್ಜಾರ, ಕೆಳಗಿನ ಊರಾಗ ಕುಡಿಯಾಕ ನೀರಿಲ್ಲಂತ. ಇವತ್ತ ಒಂದಿಷ್ಟ ಗೇಟ ತೆಗೀತಾರ. ದೋಣಿ ನೋಡ್ಕೋರಿ."

"ನನಗ ಹೇಳ್ತಿಯೇನಪಾ? ಅಂಬಿಗ ಅದೇನಿ ನಾನು" ಎಂದರು ಇವರು.

ಅಂಬಿಗರೇ. ಅದೇ ಕೆಟ್ಟದ್ದು. ಹರಿಯುವ ಹೊಳೆಯಲ್ಲಿ ಬಾಳಿದವರು. ಗೇಟು ತೆಗೆಯುತ್ತಾರೆ ಅಂದಕೂಡಲೇ ಅವರ ತಲೆಯಲ್ಲಿ ಬಂದದ್ದು ಸೆಳವು. ಸೆಳವು ಬಂದಾಗ ಅಂಬಿಗ ಏನು ಮಾಡುತ್ತಾನೆ? ಹಗ್ಗ ಗಿಡ್ಡ ಮಾಡಿ, ದಂಡೆಗೆ ಒತ್ತಿ, ಗಟ್ಟಿ ಬೇರಿಗೆ ಬಿಗಿಯುತ್ತಾನೆ. ಹಗ್ಗ ಉದ್ದ ಬಿಟ್ಟರೆ ಸೆಳವು ದೋಣಿಯನ್ನು ನಡುನೀರಿಗೆ ಎಳೆದು ತಿರುವುತ್ತದೆ. ಅವರಪ್ಪ ಕಲಿಸಿದ್ದು ಅದು, ಎಲ್ಲ ಅಂಬಿಗರೂ ಮಾಡುವುದು ಅದು. ಹೊಸ ನೈಲಾನ್ ಹಗ್ಗ ತೆಗೆದು, ಹುಣಸೆಗಿಡದ ಬೇರಿಗೆ ಎರಡು ಕಡೆ ಮೊಳದುದ್ದವೂ ಸಡಿಲ ಬಿಡದ ಹಾಗೆ ಬಿಗಿದರು. ಕೈ ಜಾಡಿಸಿಕೊಂಡು, "ಈಗ ಹೊಳೀನೇ ಹರಕೊಂಡ ಹೋಗ್ಲಿ, ಇದು ಹೋಗೂದಿಲ್ಲ" ಎಂದರು. ಹೇಳಿದ ಹಾಗೇ ಆಯಿತು.

ನಿಂತ ನೀರಿನ ಗೇಟು ತೆಗೆದರೆ ಸೆಳವು ಬರುವುದು ಸ್ವಲ್ಪ, ನೀರು ಇಳಿಯುವುದು ಬಹಳ. ಅದು ಅವರ ಲೆಕ್ಕದಲ್ಲಿ ಇರಲಿಲ್ಲ.

ಮಧ್ಯಾಹ್ನ ಉಂಡು ಅವರು ತೋಟದವನ ಜೊತೆ ಮಾತಾಡಲು ಮೇಲೆ ಹೋದರು. ನಾನು ಬೇಳೆ ಆರಿಸುತ್ತ ಕೂತೆ. ತೆಪ್ಪ ನೀರಿನ ಕಡೆಗೆ ವಾಲಿದ ಹಾಗೆ ಅನಿಸಿತು. ಅದು ಯಾವಾಗಲೂ ಹಾಗೇ, ಒಬ್ಬರು ಎದ್ದರೆ ಒಂದು ಕಡೆ ವಾಲುತ್ತದೆ. ಬೇಳೆಯ ಮೊರ ಜಾರಿತು. ಎತ್ತಿ ಇಟ್ಟೆ. ಮತ್ತೆ ಜಾರಿತು. ತುಂಬಿದ ಕೊಡ ಉರುಳಿತು, ಹಿಟ್ಟಿನ ಡಬ್ಬಿ ಅದರ ಹಿಂದೆ ಹೋಯಿತು, ಅದರ ಹಿಂದೆ ನಾನೂ ಹೋದೆ. ಗೂಡಿನ ಬಿದಿರು ಕೈಗೆ ಸಿಕ್ಕಿತು, ಹಿಡಿದುಕೊಂಡೆ. ತಿರುಗಿ ನೋಡಿದರೆ ದಂಡೆಯ ಕಡೆಯ ಅಂಚು ನನ್ನ ತಲೆಗಿಂತ ಮೇಲೆ! ನೀರು ಇಳಿದಿದೆ, ಆಚೆ ಅಂಚು ಅದರ ಜೊತೆ ಇಳಿದಿದೆ, ಈಚೆ ಅಂಚು ಬೇರಿಗೆ ನೇತುಬಿದ್ದಿದೆ. ಮೊಳೆಗೆ ಹಾಕಿದ ಅಂಗಿಯ ಹಾಗೆ.

ನಾನು ಕೂಗಿದೆ. ಎಲ್ಲರೂ ಓಡಿ ಬಂದರು. ಇವರು ಮೇಲಿಂದ ಬಗ್ಗಿ ನೋಡಿದರು.

"ಏನ ಮಾಡಾಕತ್ತಿ ಒಳಗ?"

"ಜೋಕಾಲಿ ಆಡಾಕತ್ತೇನಿ. ಹಗ್ಗ ಕೊಯ್ರಿ!"

"ತಡಿ, ಗಂಟ ಬಿಚ್ಚತೇನಿ."

"ನನ್ನ ಭಾರಕ್ಕ ಗಂಟ ಬಿಗದೈತಿ. ಕೊಯ್ರಿ ಅಂದ್ನಿ!"

"ಹೊಸಾ ಹಗ್ಗ ಐತಿ!"

"ನಾ ಹಳೇಕಿ ಅದೇನಿ. ಹಂಗಾರ ನನ್ನ ಕೊಯ್ರಿ!"

ತೋಟದವಳು ನಗಬಾರದೆಂದು ಬಾಯಿಗೆ ಸೆರಗು ಹಿಡಿದಳು, ಆದರೂ ನಕ್ಕಳು. ಮೀನು ಕೊಯ್ಯುವ ಈಳಿಗೆ ನನ್ನ ಕಾಲ ಹತ್ತಿರ ಜಾರಿ ಬಂದಿತ್ತು. ಬಿದಿರು ಹಿಡಿದು ಮೇಲಕ್ಕೆ ಏರಿ ನಾನೇ ಹಗ್ಗ ಕೊಯ್ದೆ. ಒಂದು ಕಡೆ ಕೊಯ್ದೆ, ಇನ್ನೊಂದು ಕಡೆಯದು ತಾನೇ ಹರಿಯಿತು. ತೆಪ್ಪ ದಬಕ್ಕನೆ ಕೆಸರಿಗೆ ಬಿತ್ತು. ಗೂಡಿನ ಒಂದು ಬದಿ ಮುರಿಯಿತು, ಒಂದು ಡ್ರಮ್ಮು ಬಿಚ್ಚಿಕೊಂಡು ನೀರಿನಲ್ಲಿ ಹೊರಟುಹೋಯಿತು. ನನ್ನ ಮೊಣಕೈ ತರಚಿತು. ಅಷ್ಟೇ. ಕೆಸರಿನಲ್ಲಿ ತೊಯ್ದು ಎದ್ದು ನಿಂತಾಗ ತೋಟದವನ ಕೈಯಲ್ಲಿ ಮೊಬೈಲು ಕಂಡೆ. ಕೂಗು ಕೇಳಿದಾಗಿನಿಂದ ಹಿಡಿದುಕೊಂಡೇ ಇದ್ದನಂತೆ. ಆ ವಿಡಿಯೋ ಸವಣೂರು ಮುಟ್ಟಲು ಬಹಳ ಹೊತ್ತು ಬೇಕಾಗಲಿಲ್ಲ.

ಹೊತ್ತು ಮುಳುಗುವ ಮೊದಲೇ ಮಗಳು ಗೂಡ್ಸ್ ಗಾಡಿ ತೆಗೆದುಕೊಂಡು ಬಂದಳು. ಇಳಿದವಳೇ ಸೊಂಟಕ್ಕೆ ಕೈ ಇಟ್ಟಳು.

"ಆತಿಲ್ಲೋ ಸಮಾಧಾನ? ಜೀವ ಹೋಗೂದೊಂದ ಬಾಕಿ ಇತ್ತು."

"ಜೀವ ಇಲ್ಲೇ ಐತಿ. ಬ್ಯಾಳಿ ಹೋಗೇತಿ" ಎಂದೆ.

"ನಗಬ್ಯಾಡ ಯವ್ವಾ. ಮಾತ ಕೊಟ್ಟೀರಿ. ಹತ್ರಿ ಗಾಡಿ."

ನಾನು ನಮ್ಮ ಮನೆಯವರ ಕಡೆ ತಿರುಗಿದೆ. ಇವರು ಜಗಳಾಡುತ್ತಾರೆ, ನೀರು ಬಿಟ್ಟು ಬರುವುದಿಲ್ಲ ಅನ್ನುತ್ತಾರೆ, ಆಗ ನಾನೂ ಅವರ ಹಿಂದೆ ನಿಲ್ಲಬೇಕು ಅಂದುಕೊಂಡಿದ್ದೆ. ಅವರು ಅಲ್ಲಿ ಇರಲಿಲ್ಲ. ಗಾಡಿಯ ಮುಂದಿನ ಸೀಟಿನಲ್ಲಿ ಆಗಲೇ ಕೂತಿದ್ದರು, ತೊಡೆಯ ಮೇಲೆ ತಲೆದಿಂಬು ಇಟ್ಟುಕೊಂಡು.

"ಇಳೀರಿ" ಎಂದೆ.

"ನನಗ ಸಾಕಾಗೇತಿ."

"ಏನ ಸಾಕಾಗೇತಿ?"

"ರಾತ್ರೆಲ್ಲಾ ಬೆನ್ನ ಕೆಳಗ ಗುಳು ಗುಳು ಅಂತೈತಿ. ಒಂದ ದಿನಾನೂ ಕಣ್ಣಿಗೆ ಕಣ್ಣ ಹತ್ತಿಲ್ಲ. ಹರಗೋಲ ಹಾಕೂ ಮುಂದ ರಾತ್ರಿ ಮನ್ಯಾಗ ಮಲಗ್ತಿದ್ನೆಲ್ಲಾ, ನನಗೇನ ಗೊತ್ತಿತ್ತು? ಅಂಬಿಗಗ ನೀರಿನ ಮ್ಯಾಲೆ ನಿದ್ದಿ ಬರೂದಿಲ್ಲ ಅಂತ ಯಾರ ಮುಂದ ಹೇಳ್ಲಿ?"

"ಮತ್ತ ಯಾಕ ಕಟ್ಟಿದ್ರಿ ಇದನ್ನ? ನೀರು ಬಿಟ್ಟ ಇರಾಕ ಆಗೂದಿಲ್ಲ ಅಂದವರು ನೀವ ಅಲ್ಲೇನು?"

ಅವರು ತಲೆದಿಂಬಿನ ಅಂಚು ಜಗ್ಗುತ್ತ ಕೂತರು. "ನಿನ್ನ ಕಾಲ ನೋಡಾಕ ಆಗ್ತಿದ್ದಿಲ್ಲ" ಎಂದರು.

ನನಗೆ ಸಿಟ್ಟು ಬಂತು. ಅಷ್ಟು ತಿಂಗಳು ನಿದ್ದೆ ಇಲ್ಲದೆ ಕೂತವರು ಒಂದು ಮಾತು ಹೇಳಬಹುದಿತ್ತು. ಹೇಳಿದ್ದರೆ ನಾನು ಏನು ಮಾಡುತ್ತಿದ್ದೆನೋ ಗೊತ್ತಿಲ್ಲ. ಬಹುಶಃ ಇಳಿಯುತ್ತಿರಲಿಲ್ಲ. ಅದು ಅವರಿಗೂ ಗೊತ್ತು. ಅದಕ್ಕೇ ಹೇಳಲಿಲ್ಲ ಅನಿಸುತ್ತದೆ.

ಮಗಳು ನನ್ನ ತೋಳು ಹಿಡಿದಳು. "ನಡಿಯಬೇ. ಹಿಂದಿನ ಖೋಲಿ ಬಳದಿಟ್ಟೇನಿ. ಫ್ಯಾನ್ ಐತಿ, ಎಲ್ಲಾ ಐತಿ."

ಆ ಹಿಂದಿನ ಖೋಲಿಯನ್ನು ನಾನು ಬಲ್ಲೆ. ಒಂದು ಕಿಟಕಿ, ಕಿಟಕಿಯ ಆಚೆ ಇನ್ನೊಬ್ಬರ ಗೋಡೆ. ಒಮ್ಮೆ ಅದರೊಳಗೆ ಹೋದರೆ ಮತ್ತೆ ಹೊಳೆ ಇಲ್ಲ. ಅವಳು ಹೇಳಿದ್ದನ್ನು ಮಾಡುವವಳು, ನನ್ನ ಮಗಳೇ ಅಲ್ಲವೇ.

"ಮಾತ ಕೊಟ್ಟಾವ ನಿಮ್ಮಪ್ಪ. ಅವನ್ನ ಕರಕೊಂಡ ಹೋಗು" ಎಂದೆ. "ನಾ ಕೊಟ್ಟಿಲ್ಲ."

"ಇಬ್ರೂ ಅಂತ ಹೇಳಿದ್ನಿ ನಾನು!"

"ನೀ ಹೇಳಿದ್ದಿ. ನಾ ಉಳ್ಳಾಗಡ್ಡಿ ಹೆಚ್ಚಾಕತ್ತಿದ್ನಿ."

ಅವಳು ಅತ್ತಳು. ಅಳಲಿ ಎಂದು ನಾನು ಸೆರಗಿನ ಕೆಸರು ಹಿಂಡಿಕೊಂಡೆ. ಕೊನೆಗೆ ತೋಟದವಳು ನಡುವೆ ಬಂದಳು. "ಅಕ್ಕಾರ, ಇವತ್ತೊಂದಿನ ಆಯಿ ನಮ್ಮ ಗುಡಸಲದಾಗ ಮಲಗ್ಲಿ ಬಿಡ್ರಿ. ಮೈಯೆಲ್ಲಾ ರಾಡಿ ಆಗೇತಿ, ಜಳಕಾ ಮಾಡಸ್ತೇನಿ. ನಾಳೆ ಬಂದ ಕರಕೊಂಡ ಹೋಗ್ರೆಲ್ಲಾ."

ಮಗಳು ಮೂಗು ಒರೆಸಿಕೊಂಡಳು. "ನಾಳೆ ಮುಂಜಾನೆ ಬರ್ತೇನಿ. ತಯಾರಾಗಿ ಕುಂದ್ರು. ತೆಪ್ಪ ಕೆಸರಾಗ ಬಿದ್ದೈತಿ, ನೀರಿಲ್ಲ ನಿಡಿಯಿಲ್ಲ. ಇನ್ನ ಎಲ್ಲಿ ಹೊಕ್ಕಿ ನೀನು?"

ಗಾಡಿ ಹೋಯಿತು. ಇವರು ತಿರುಗಿ ನೋಡಲಿಲ್ಲ. ಆಗಲೇ ತೂಕಡಿಸುತ್ತಿದ್ದರು ಅಂತ ಕಾಣುತ್ತದೆ.

ಮರುದಿನ ಬೆಳಕು ಹರಿಯುವ ಮೊದಲೇ ನಾನು ಎದ್ದು ಹೊಳೆಗೆ ಇಳಿದೆ. ನೀರು ಹೋಗಿ ತಳ ಕಾಣುತ್ತಿತ್ತು. ಹಸಿ ಉಸುಕು, ಕಪ್ಪೆಚಿಪ್ಪು, ಯಾರೋ ಎಂದೋ ಕಳಕೊಂಡ ಚಪ್ಪಲಿ. ಅದರ ಮೇಲೇ ನಡೆಯುತ್ತ ತಿರುವು ದಾಟಿ ಹೋದೆ. ಮಡು ಇತ್ತು. ದಂಡೆಯ ಮೇಲಿನ ನೀರಿನ ಗುರುತಿನಿಂದ ಕೆಳಗೆ ಇಳಿದಿತ್ತು, ಆದರೆ ತುಂಬ ನೀರು, ಬೇಸಗೆಯಲ್ಲೂ ಬತ್ತುವ ನೀರಲ್ಲ ಅದು. ತಿರುಗಿ ಬಂದು ತೋಟದವನು ಚಹಾ ಕುಡಿಯುವ ಮೊದಲೇ ಅವನ ಮುಂದೆ ನಿಂತೆ.

"ನಿನ್ನ ಎತ್ತ ಬೇಕು."

"ಯಾಕ ಆಯಿ? ಏನ ಹೂಡಾಕ?"

"ಮನಿ ಜಗ್ಗಾಕ."

ಅವನು ಹೆಂಡತಿಯ ಮುಖ ನೋಡಿದ. ಅವಳು ಎದ್ದು ಹೋಗಿ ಎತ್ತಿನ ಕಣ್ಣಿ ಬಿಚ್ಚಿದಳು, ಗೊಬ್ಬರ ಕಲೆಸುವ ತನ್ನ ಡ್ರಮ್ಮನ್ನೂ ಉರುಳಿಸಿಕೊಂಡು ಬಂದಳು. ತಗಡು ಬಿಚ್ಚಿ ಹಗುರ ಮಾಡಿದೆವು, ಹೋದ ಡ್ರಮ್ಮಿನ ಜಾಗದಲ್ಲಿ ಅವಳದನ್ನು ಬಿಗಿದೆವು, ತೆಪ್ಪವನ್ನು ನೊಗಕ್ಕೆ ಕಟ್ಟಿದೆವು. ಎತ್ತುಗಳು ಮೊದಲು ಒಲ್ಲೆ ಅಂದವು. ಆಮೇಲೆ ಎಳೆದವು. ಹೊಳೆಯ ತಳದಲ್ಲಿ, ಹಸಿ ಉಸುಕಿನ ಮೇಲೆ, ನಮ್ಮ ಮನೆ ಸರ್ ಎಂದು ಹೊರಟಿತು. ನಾನು ಹಿಂದಿನಿಂದ ತಗಡು ಹೊತ್ತು ನಡೆದೆ. "ಹೊಲಾ ಬಿಟ್ಟ ಹೊಳ್ಯಾಗ ಹರಗೂದು ನಮ್ಮ ಎತ್ತಿಗೂ ಹೊಸಾದ ನೋಡ ಆಯಿ" ಎಂದು ತೋಟದವನು ದಾರಿಯುದ್ದಕ್ಕೂ ಹೇಳಿದ. ಮಡುವಿನ ಅಂಚಿಗೆ ಬಂದಾಗ ಎತ್ತುಗಳು ನಿಂತು ನೀರು ಕುಡಿದವು. ಮೂವರೂ ಸೇರಿ ತೆಪ್ಪವನ್ನು ನೂಕಿದೆವು. ತೇಲಿತು.

ಮಗಳು ಹುಡುಕಿಕೊಂಡು ದಂಡೆಯ ಮೇಲೆ ಬಂದಾಗ ನಾನು ತಗಡು ಕಟ್ಟುತ್ತಿದ್ದೆ. ಅವಳು ದಂಡೆ ಇಳಿದು ನೀರಿನ ಅಂಚಿಗೆ ಬಂದಳು. ಬೈಯುತ್ತಾಳೆ ಅಂದುಕೊಂಡೆ, ಬೈಯಲಿಲ್ಲ. ದಣಿದಿದ್ದಳು.

"ಅಪ್ಪ ಇನ್ನೂ ಎದ್ದಿಲ್ಲ" ಎಂದಳು. "ನಿನ್ನೆ ಮಲಗಿದಾವ."

"ಎಬ್ಬಿಸಬ್ಯಾಡ" ಎಂದೆ.

ಅವಳು ಬುತ್ತಿಯ ಗಂಟನ್ನು ಒಂದು ಕಲ್ಲಿನ ಮೇಲೆ ಇಟ್ಟು ಹೋದಳು. ನಾನು ಗಳ ಊರಿ ಅಂಚಿಗೆ ಬಂದು ಅದನ್ನು ಎತ್ತಿಕೊಂಡೆ. ಆಮೇಲೆ ತೆಪ್ಪವನ್ನು ತಿರುಗಿಸಿ, ಮಡುವಿನ ಮೇಲಿನ ತುದಿ ಎಲ್ಲಿಯವರೆಗೆ ಹೋಗುತ್ತದೆ ಎಂದು ನೋಡಲು ಹೊರಟೆ.